ದಾರಿ ಸವೆಸುವವರು, ದಾರಿ ಸವರುವವರು

ಗಿರಿಗದ್ದೆ ದಾಟಿ ಅರ್ಧ ಗಂಟೆ ಹತ್ತಿರಬಹುದು. ಕುಮಾರ ಪರ್ವತದ ದಾರಿಯಲ್ಲಿ ಅರಣ್ಯ ಇಲಾಖೆಯ ಒಬ್ಬ ವಾಚರ್ ಕುಕ್ಕರಗಾಲಲ್ಲಿ ಕೂತು ಕತ್ತಿಯ ತುದಿಯಿಂದ ಮಣ್ಣು ಕೆದಕುತ್ತಿದ್ದರು. ಏನೋ ಗೆಡ್ಡೆ ಅಗೆಯುತ್ತಿದ್ದಾರೆ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ದಾರಿಗೆ ಓರೆಯಾಗಿ ಹೂತಿಟ್ಟ ನಾಲ್ಕೈದು ಕಲ್ಲು, ಅದರ ಬೆನ್ನಿಗೆ ಗೇಣಗಲದ ಒಂದು ಕಣಿ. ಕಣಿಯ ತುಂಬ ಒಣಹುಲ್ಲು, ಮಣ್ಣು, ಒಂದು ಚಾಕಲೇಟಿನ ಕಾಗದ. ಅದನ್ನು ಬಿಡಿಸುತ್ತಿದ್ದರು.

“ಮಳೆ ಹೋಯ್ತಲ್ಲ ಅಣ್ಣಾ, ಈಗ್ಯಾಕೆ?” ಎಂದು ಕೇಳಿದೆ.

ತಲೆ ಎತ್ತದೆ ಹೇಳಿದರು: “ಮುಂದಿನ ಮಳೆಗೆ ಮಾರಾಯ್ರೆ. ಆಗ ಇಲ್ಲಿಗೆ ಬರ್ಲಿಕ್ಕೆ ಯಾರಿಗೆ ಆಗ್ತದೆ?”

ಅಷ್ಟರಲ್ಲಿ ಹಿಂದಿನಿಂದ ಏಳೆಂಟು ಹುಡುಗರ ಗುಂಪೊಂದು ಬಂತು. ಒಬ್ಬನ ಚೀಲಕ್ಕೆ ಕಟ್ಟಿದ್ದ ಸ್ಪೀಕರ್ ಹಾಡುತ್ತಿತ್ತು. ಎಲ್ಲರ ಕಣ್ಣೂ ಮೇಲೆ, ಶೇಷ ಪರ್ವತದ ನೆತ್ತಿಯಲ್ಲಿ. ದಾರಿಗೆ ಅಡ್ಡ ಕೂತ ಮನುಷ್ಯನನ್ನು ಕಂಡು ಹುಲ್ಲಿನ ಮೇಲೆ ಕಾಲಿಟ್ಟು ಸುತ್ತು ಹಾಕಿಕೊಂಡು ಹೋದರು. ಕೊನೆಯವನ ಷೂ ತಾಗಿ ಒಂದು ಕಲ್ಲು ಕಿತ್ತು ಎರಡು ಮಾರು ಕೆಳಗೆ ಉರುಳಿತು. ವಾಚರ್ ಎದ್ದು ಹೋಗಿ ಅದನ್ನು ಎತ್ತಿ ತಂದು ಮತ್ತೆ ಅದೇ ಗುಂಡಿಯಲ್ಲಿ ಕೂರಿಸಿ, ಹಿಮ್ಮಡಿಯಿಂದ ಎರಡು ಸಲ ಒದ್ದು ಗಟ್ಟಿ ಮಾಡಿದರು. ಬೈಯಲೂ ಇಲ್ಲ, ಗೊಣಗಲೂ ಇಲ್ಲ. ನನಗಂತೂ ಅವರು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಯಾಕೆಂದರೆ ಐದು ನಿಮಿಷದ ಹಿಂದೆ ನಾನೂ ಇಂಥದೇ ಒಂದು ಕಲ್ಲುಸಾಲನ್ನು ತುಳಿದು ಬಂದಿದ್ದೆ, ಅದೇನೆಂದು ಗೊತ್ತಿಲ್ಲದೆ.

ನಡೆಯುವುದಕ್ಕೆ ಕನ್ನಡದಲ್ಲಿ ‘ದಾರಿ ಸವೆಸುವುದು’ ಎನ್ನುತ್ತೇವೆ. ಚಿಕ್ಕಂದಿನಿಂದ ಆಡಿಕೊಂಡು ಬಂದ ಮಾತು. ಅದರಲ್ಲಿ ಸವೆಯುವುದು ದೂರ, ಹೆಚ್ಚೆಂದರೆ ಚಪ್ಪಲಿ ಎಂದೇ ನಾನು ತಿಳಿದಿದ್ದೆ. ಕುಮಾರ ಪರ್ವತದಲ್ಲಿ ನೋಡಿದರೆ ಸವೆದಿರುವುದು ದಾರಿಯೇ. ಕೆಲವೆಡೆ ಮೊಣಕಾಲಿನವರೆಗೆ, ಕೆಲವೆಡೆ ಸೊಂಟದವರೆಗೆ.

ಈ ಬೆಟ್ಟ ಗೊತ್ತಿಲ್ಲದವರಿಗೆ ಎರಡು ಮಾತು. ಎತ್ತರ 1,712 ಮೀಟರ್. ದಕ್ಷಿಣ ಕನ್ನಡ, ಕೊಡಗು, ಹಾಸನ ಮೂರೂ ಜಿಲ್ಲೆಗಳು ಬಂದು ಕೂಡುವ ಮೂಲೆ. ದಾಖಲೆಯಲ್ಲಿ ಪುಷ್ಪಗಿರಿ, ಅದೇ ಹೆಸರಿನ ವನ್ಯಜೀವಿಧಾಮ 1987ರಲ್ಲಿ ಆಯಿತು, 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಸೇರಿತು. ಎತ್ತರದ ಲೆಕ್ಕ ಹಿಡಿದರೆ ಮುಳ್ಳಯ್ಯನಗಿರಿ ಇದಕ್ಕಿಂತ ದೊಡ್ಡದು, ಕುದುರೆಮುಖವೂ ದೊಡ್ಡದು. ಆದರೆ ಮುಳ್ಳಯ್ಯನಗಿರಿಗೆ ಮುಕ್ಕಾಲು ಪಾಲು ಎತ್ತರವನ್ನು ಕಾರೇ ಹತ್ತಿಕೊಡುತ್ತದೆ. ಈ ಬೆಟ್ಟದ ಬುಡದ ಕುಕ್ಕೆ ಸುಬ್ರಹ್ಮಣ್ಯ ಇರುವುದು ಹೆಚ್ಚು ಕಡಿಮೆ ಕರಾವಳಿಯ ಮಟ್ಟದಲ್ಲಿ. ಅಲ್ಲಿಂದ ಹೊರಟರೆ ಹತ್ತಿರ ಹತ್ತಿರ 1,600 ಮೀಟರನ್ನೂ ನಿಮ್ಮ ಕಾಲೇ ಹತ್ತಬೇಕು. ದಾರಿ 12–13 ಕಿಲೊಮೀಟರ್. ಬೆಳಗ್ಗೆ ಹುಮ್ಮಸ್ಸಿನಿಂದ ಹೊರಟವರ ಮುಖ ಮಧ್ಯಾಹ್ನದ ಹೊತ್ತಿಗೆ ಹೇಗಿರುತ್ತದೆಂದು, ಗಿರಿಗದ್ದೆಯಲ್ಲಿ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆಯ ಜಗಲಿಯಲ್ಲಿ ಕೂತು ನೋಡಬೇಕು. ಅನ್ನ, ಸಾಂಬಾರು, ಮಜ್ಜಿಗೆ, ಉಪ್ಪಿನಕಾಯಿ. ಅದಕ್ಕಿಂತ ರುಚಿಯಾದ ಊಟವನ್ನು ಮದುವೆ ಮನೆಯಲ್ಲೂ ಉಂಡಿಲ್ಲ ಎಂದು ಹೇಳುವವರು ಅಲ್ಲಿ ದಿನಕ್ಕೆ ಹತ್ತು ಮಂದಿಯಾದರೂ ಸಿಗುತ್ತಾರೆ. ಹಸಿವೆಗೆ ಸಲ್ಲಬೇಕಾದ ಹೊಗಳಿಕೆ ಅಡುಗೆಗೆ ಸಲ್ಲುತ್ತದೆ, ಇರಲಿ.

ಭಟ್ಟರ ಮನೆಯವರೆಗಿನ ದಾರಿ ದಟ್ಟ ಕಾಡಿನದು. ಮರದ ಬೇರುಗಳೇ ಮೆಟ್ಟಿಲು. ನಡುವೆ ಭೀಮನ ಬಂಡೆ. ಅಲ್ಲಿ ಕೂರದೆ ಮುಂದೆ ಹೋದವರನ್ನು ನಾನು ಕಂಡಿಲ್ಲ. ಮಳೆಯ ಪಸೆ ಇದ್ದರೆ ಉಂಬಳಗಳು ಷೂವಿನ ಕಣ್ಣಿಯಲ್ಲಿ ದಾರಿ ಹುಡುಕುತ್ತವೆ. ಕಾಡು ಮುಗಿದದ್ದೇ ಬಯಲು ಬೋಳುಗುಡ್ಡ. ಅಲ್ಲಿಂದ ಶೇಷ ಪರ್ವತದವರೆಗೆ ತಲೆಯ ಮೇಲೆ ನೆರಳಿಲ್ಲ. ಹುಲ್ಲು, ಕಲ್ಲುಮಂಟಪ, ಅದರ ಪಕ್ಕ ಒಂದಿಷ್ಟು ನೀರು, ಮತ್ತೆ ಹುಲ್ಲು. ಶೇಷ ಪರ್ವತದಿಂದ ಒಮ್ಮೆ ಇಳಿದು ಶೋಲಾ ಕಾಡೊಳಗೆ ಹೊಕ್ಕು, ಜಾರುಬಂಡೆ ಹತ್ತಿದರೆ ನೆತ್ತಿ.

ಕಾಡಿನೊಳಗೆ ದಾರಿ ಅಷ್ಟಾಗಿ ಕೆಟ್ಟಿಲ್ಲ. ಬೇರುಗಳು ಮಣ್ಣನ್ನು ಹಿಡಿದಿವೆ, ಎಲೆಗಳು ಮಳೆಯ ಪೆಟ್ಟು ತಡೆಯುತ್ತವೆ. ಎಡಬಲ ಪೊದೆ ಒತ್ತಾಗಿರುವುದರಿಂದ ನಾವೂ ಆಚೀಚೆ ಹೋಗುವುದಿಲ್ಲ. ಕಷ್ಟವಿರುವುದು ಬೋಳುಗುಡ್ಡದಲ್ಲಿ. ದೂರದಿಂದ ನೋಡಿದರೆ ಶೇಷ ಪರ್ವತದ ಮೈಮೇಲೆ ಒಂದು ದಾರಿ ಇರಬೇಕಾದ ಕಡೆ ನಾಲ್ಕೈದು ಗೆರೆ ಕಾಣುತ್ತವೆ, ಉಗುರಿನಿಂದ ಪರಚಿದ ಹಾಗೆ.

ಇದು ಆಗುವ ಬಗೆ ಹೀಗೆ. ಜನ ನಡೆದ ಕಡೆ ಹುಲ್ಲು ಸಾಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ಗಟ್ಟಿ ಮಣ್ಣು ನೀರು ಕುಡಿಯುವುದಿಲ್ಲ. ಜೂನ್ ಬಂತೆಂದರೆ ಘಟ್ಟದ ಮಳೆ. ಇಲ್ಲಿಯದು ತಿಂಗಳುಗಟ್ಟಲೆ ಬಿಡದೆ ಹೊಡೆಯುವ ಮಳೆ. ಬೆಟ್ಟದ ಮೇಲೆ ಬಿದ್ದ ನೀರಿಗೆ ಇಳಿಯಲು ಯಾವುದಾದರೂ ಜಾಡು ಬೇಕು, ನಾವು ತುಳಿದು ಸಿದ್ಧ ಮಾಡಿಟ್ಟ ಗೆರೆ ಸಿಕ್ಕಿತು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ದಾರಿ ಚರಂಡಿಯಾಗಿರುತ್ತದೆ. ಅಕ್ಟೋಬರಿನಲ್ಲಿ ಬಂದವರು ಚರಂಡಿಯಲ್ಲಿ ನಡೆಯಲು ಬೇಸರಪಟ್ಟು ಅದರ ಅಂಚಿನ ಹುಲ್ಲಿನ ಮೇಲೆ ನಡೆಯುತ್ತಾರೆ. ಅದು ಎರಡನೆಯ ದಾರಿ. ಮುಂದಿನ ಮಳೆಗೆ ಅದೂ ಚರಂಡಿ. ಆಮೇಲೆ ಮೂರನೆಯದು. ಹೀಗೆ ಬೆಟ್ಟದ ತುಂಬ ನಾವು ಗೆರೆ ಎಳೆಯುತ್ತ ಹೋಗುತ್ತೇವೆ. ಒಬ್ಬರೂ ಬೆಟ್ಟಕ್ಕೆ ಕೇಡು ಬಯಸಿದವರಲ್ಲ.

ಇನ್ನೊಂದು ಕಾರಣ ಒಳದಾರಿ. ದಾರಿ ಹಾವಿನ ಹಾಗೆ ಬಳುಕಿ ಹೋಗುವ ಕಡೆ ಇಳಿಯುವಾಗ ಮೊಣಕಾಲು ನೋವಿನವರಿಗೆ, ಸಂಜೆಯ ಬಸ್ಸಿನ ಆತುರದವರಿಗೆ ಎರಡು ತಿರುವಿನ ನಡುವೆ ನೇರ ಇಳಿದುಬಿಡುವ ಆಸೆ. ಹತ್ತು ಹೆಜ್ಜೆ ಉಳಿಯುತ್ತದೆ. ವಾಚರ್ ಇದನ್ನು ನನಗೆ ವಿವರಿಸಿದ್ದು ಒಂದೇ ಮಾತಿನಲ್ಲಿ: “ನೀರು ನಮ್ಮಿಂದ ಹುಷಾರು. ನಾವು ಒಂದು ಸಲ ಅಡ್ಡ ಇಳಿದ್ರೆ ಸಾಕು, ಅದು ನೋಡಿ ಇಟ್ಕೊಳ್ತದೆ.” ಒಳದಾರಿ ಹಿಡಿದವರಿಗೆ ಅವರು ಹೇಳುವುದು ‘ಅಡ್ಡದಾರಿ ಹಿಡಿದವರು’ ಎಂದೇ. ಕನ್ನಡದಲ್ಲಿ ಆ ಮಾತಿಗೆ ಎಂಥ ಅರ್ಥವಿದೆ ಎಂದು ಅವರಿಗೆ ಗೊತ್ತಿಲ್ಲದೆ ಇಲ್ಲ, ನಗುತ್ತಲೇ ಹೇಳಿದರು.

ಹಳಬರು ದಾರಿಯನ್ನು ಯಾಕೆ ಬಳುಕಿಸಿದರು? ಹೊತ್ತವರಿಗೆ ಗೊತ್ತು. ಕುದುರೆ, ಎತ್ತು, ತಲೆಹೊರೆ ಯಾವುದೂ ನೆಟ್ಟಗೆ ಹತ್ತುವುದಿಲ್ಲ. ಘಟ್ಟದ ಎಷ್ಟೋ ಹಳೆಯ ದಾರಿಗಳಿಗೆ ಆನೆಗಳೇ ಮೊದಲ ಇಂಜಿನಿಯರುಗಳು ಎಂಬ ಮಾತಿದೆ. ಆನೆ ಬೆಟ್ಟವನ್ನು ಓರೆಯಾಗಿ, ಉಸಿರು ಉಳಿಸಿಕೊಂಡು ಹತ್ತುತ್ತದೆ. ಕರಾವಳಿಯ ಉಪ್ಪು, ಒಣಮೀನು ಮೇಲೆ ಹತ್ತಿದ್ದು, ಮೇಲಿನ ಅಕ್ಕಿ, ಏಲಕ್ಕಿ ಕೆಳಗೆ ಇಳಿದದ್ದು ಘಟ್ಟದುದ್ದಕ್ಕೂ ಇಂಥ ದಾರಿಗಳಲ್ಲೇ. ಸುಬ್ರಹ್ಮಣ್ಯದ ಪಕ್ಕದ ಕುಲ್ಕುಂದದಲ್ಲಿ ಷಷ್ಠಿಯ ಹೊತ್ತಿಗೆ ದನಗಳ ಜಾತ್ರೆ ಕೂಡುತ್ತಿದ್ದ ಕಾಲದಲ್ಲಿ ಮೇಲುಸೀಮೆಯ ರೈತರು ಎತ್ತುಗಳನ್ನು ಘಟ್ಟ ಇಳಿಸಿ ಹೊಡೆದುಕೊಂಡು ಬರುತ್ತಿದ್ದರು. ಕುಮಾರ ಪರ್ವತದ ನೆತ್ತಿಗೆ ಹೋಗುತ್ತಿದ್ದವರು ಮುಖ್ಯವಾಗಿ ಪೂಜೆಗೆ ಹೋದವರು, ದನ ಹುಡುಕಿಕೊಂಡು ಹೋದವರು. ಕುಮಾರಸ್ವಾಮಿ ತಾರಕಾಸುರನನ್ನು ಕೊಂದು ಬಂದು ಆಯುಧದ ಧಾರೆ ತೊಳೆದ ನೀರೇ ಕುಮಾರಧಾರೆ ನದಿ ಎಂದು ಕತೆ. ಆ ಕತೆ ನಂಬಿದವರು ವರ್ಷಕ್ಕೊಮ್ಮೆ ಹತ್ತಿದರು, ಇಳಿದರು. ವರ್ಷಕ್ಕೊಮ್ಮೆ ತುಳಿದ ಹುಲ್ಲು ಮುಂದಿನ ವರ್ಷಕ್ಕೆ ಮತ್ತೆ ಚಿಗುರಿರುತ್ತಿತ್ತು.

ಈಗ ಹತ್ತಲು ಕಾರಣ ಬೇಕಿಲ್ಲ, ರಜೆ ಇದ್ದರೆ ಸಾಕು. ಇದನ್ನು ಹಂಗಿಸುತ್ತಿಲ್ಲ; ನನಗೂ ಬೇರೆ ಕಾರಣ ಇರಲಿಲ್ಲ. ವಾರವೆಲ್ಲ ಟ್ರಾಫಿಕ್ಕಿನಲ್ಲಿ ಕೂತ ಹುಡುಗಿಯೊಬ್ಬಳು ಶನಿವಾರ ರಾತ್ರಿಯ ಬಸ್ಸು ಹಿಡಿದು ಬಂದು ಬೆಳಗಿನ ಮೋಡ ಕಾಲಕೆಳಗೆ ಹರಿಯುವುದನ್ನು ನೋಡಿ ಸುಮ್ಮನೆ ಕೂರುತ್ತಾಳಲ್ಲ, ಅದನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ತೊಂದರೆ ಏನೆಂದರೆ ಆ ಹುಡುಗಿ ಒಬ್ಬಳೇ ಬರುವುದಿಲ್ಲ. 2024ರ ಗಣರಾಜ್ಯೋತ್ಸವ ಶುಕ್ರವಾರ ಬಂದಿತ್ತು, ಮೂರು ದಿನ ರಜೆ. ಆಗ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ನಿಂತ ಸಾವಿರಾರು ಜನರ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಮುಂದೆ ಅರಣ್ಯ ಇಲಾಖೆಯವರು ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಮಾಡಿ, ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಮತ್ತೆ ತೆರೆದರು. ಒಂದು ದಾರಿಗೆ ದಿನಕ್ಕೆ 300 ಜನ, ಅಷ್ಟೇ.

ಒಳ್ಳೆಯದಾಯಿತು. ನಾನು ಇದಕ್ಕೆ ಪೂರ್ತಿ ಬೆಂಬಲ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಮಳೆ ನಿಂತ ಮೇಲಿನ ನಾಲ್ಕು ತಿಂಗಳು ದಾರಿ ತೆರೆದಿತ್ತು, 300ರ ಮಿತಿ ದಿನವೂ ತುಂಬಿತು ಎಂದುಕೊಂಡರೆ 36,000 ಜನ. ಬಂದ ದಾರಿಯಲ್ಲೇ ವಾಪಸು ಇಳಿದರೆ ಒಂದೊಂದು ತಿರುವಿನ ಮೇಲೆ 72,000 ಸಲ ಹಾದುಹೋದಂತೆ. ನೂಕುನುಗ್ಗಲು ತಪ್ಪಿತು, ಸವೆತ ತಪ್ಪಲಿಲ್ಲ. ಎಷ್ಟು ಜನ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೋದವರು ಸವೆಸಿದ್ದನ್ನು ರಿಪೇರಿ ಮಾಡುವವರು ಯಾರು, ಯಾವ ಹಣದಲ್ಲಿ, ಎಂಬ ಪ್ರಶ್ನೆಯನ್ನು ಯಾರೂ ಅಷ್ಟು ಜೋರಾಗಿ ಕೇಳುತ್ತಿಲ್ಲ. ಒಂದು ಚಿತ್ರದಲ್ಲಿ ಸಾವಿರ ಜನ ಕಂಡರೆ ಸುದ್ದಿ. ಬೆಟ್ಟದ ಮೈಯಿಂದ ಒಂದು ಮಳೆಗಾಲದಲ್ಲಿ ಒಂದು ಗೇಣು ಮಣ್ಣು ಹೋದರೆ ಅದನ್ನು ಹಿಡಿಯುವ ಕ್ಯಾಮರಾ ಇಲ್ಲ. ಆ ಮಣ್ಣು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ಮಂಗಳೂರಿನ ಅಳಿವೆಯ ಕಡೆಗೆ ಸುಮ್ಮನೆ ಹೋಗಿಬಿಡುತ್ತದೆ.

ಮಣ್ಣು ಹೋದರೆ ಹೋಗಲಿ, ಬೋಳುಗುಡ್ಡ ತಾನೇ, ಅಲ್ಲಿ ಏನು ಬೆಳೆಯಬೇಕಿದೆ ಎಂದು ಕೇಳಿದವರಿದ್ದಾರೆ. ಆ ಹುಲ್ಲನ್ನು ಬಂಜರು ಎಂದು ನೋಡುವ ಕಣ್ಣು ನಮಗೆ ಬಂದದ್ದು ಹೇಗೋ ತಿಳಿಯದು. ನೆತ್ತಿಯ ಹುಲ್ಲು, ಮಡಿಕೆಗಳಲ್ಲಿ ಅಡಗಿದ ಶೋಲಾ ಕಾಡು, ಎರಡೂ ಸೇರಿ ಮಳೆಯನ್ನು ಹೀರಿಕೊಂಡು, ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಕಲ್ಲುಮಂಟಪದ ಪಕ್ಕ ನಿಮ್ಮ ಬಾಟಲಿ ತುಂಬುವ ನೀರು ಅದೇ. ಹುಲ್ಲಿನ ಕೆಳಗಿನ ಮಣ್ಣು ತೆಳು, ಅದರ ಕೆಳಗೆ ಬಂಡೆ. ಒಮ್ಮೆ ಬಂಡೆ ಕಂಡ ಜಾಗದಲ್ಲಿ ಮತ್ತೆ ಹುಲ್ಲು ಬರುವುದನ್ನು ನೋಡಲು ನಮ್ಮ ಆಯುಷ್ಯ ಸಾಲದು.

ನನ್ನ ಸೋದರಳಿಯನೊಬ್ಬ ಅಮೆರಿಕದಲ್ಲಿದ್ದಾನೆ. ಒಮ್ಮೆ ಅವನು ಐಡಹೊ ರಾಜ್ಯದ ಬೆಟ್ಟಗಾಡಿನಿಂದ ಒಂದು ಫೋಟೊ ಕಳಿಸಿದ. ಇವನೊಂದು ತುದಿ, ಬಿಳಿಗಡ್ಡದ ಅಜ್ಜನೊಬ್ಬ ಇನ್ನೊಂದು ತುದಿ, ನಡುವೆ ಆಳುದ್ದದ ಗರಗಸ. ದಾರಿಗೆ ಬಿದ್ದ ದೊಡ್ಡ ಪೈನ್ ಮರವನ್ನು ಕೊಯ್ಯುತ್ತಿದ್ದಾರೆ. ಅಷ್ಟು ಮುಂದುವರಿದ ದೇಶದಲ್ಲಿ ಒಂದು ಮೋಟಾರ್ ಗರಗಸ ಸಿಗಲಿಲ್ಲವೇ ಎಂದು ನಕ್ಕೆ. ಅವನು ಹೇಳಿದ್ದು ಕೇಳಿ ನಗು ನಿಂತಿತು. ಅಲ್ಲಿ 1964ರಲ್ಲಿ ಕಾಡುಪ್ರದೇಶಗಳ ರಕ್ಷಣೆಗೆಂದೇ ಒಂದು ಕಾಯಿದೆ ಬಂದಿದೆ. ಅದರಡಿ ಘೋಷಿಸಿದ ಕಾಡುಗಳಲ್ಲಿ ರಸ್ತೆ ಇಲ್ಲ, ವಾಹನ ಇಲ್ಲ, ಮೋಟಾರು ಸಲಕರಣೆಯನ್ನೂ ಬಳಸುವ ಹಾಗಿಲ್ಲ. ಆದ್ದರಿಂದ ಸಾವಿರಾರು ಮೈಲಿ ಕಾಲುದಾರಿಯನ್ನು ಈ ಕಾಲದಲ್ಲೂ ಕೊಡಲಿ, ಕೈಗರಗಸ, ಗುದ್ದಲಿಯಲ್ಲೇ ಕಾಪಾಡುತ್ತಾರೆ. ಸಾಮಾನು ಹೊರಲು ಹೇಸರಗತ್ತೆ. ಮಾಡುವವರಲ್ಲಿ ಸಂಬಳದವರೂ ಇದ್ದಾರೆ, ರಜೆ ಹಾಕಿ ಬಂದ ಸ್ವಯಂಸೇವಕರೂ ಇದ್ದಾರೆ. ನಮ್ಮಳಿಯ ಊರಲ್ಲಿದ್ದಾಗ ತೋಟಕ್ಕೆ ಬಿದ್ದ ಸೋಗೆ ಎತ್ತಿ ಹಾಕಿದವನಲ್ಲ! ಅಲ್ಲಿ ಎರಡು ದಿನ ಗರಗಸ ಎಳೆದು ಅಂಗೈ ಬೊಬ್ಬೆ ಬಂದದ್ದನ್ನೂ ಫೋಟೊ ತೆಗೆದು ಕಳಿಸಿದ್ದ.

ಅಮೆರಿಕದವರನ್ನು ನೋಡಿ ಕಲಿಯಬೇಕು ಎಂದು ಹೇಳಲು ಹೊರಟಿಲ್ಲ. ಅವರ ಕಾಡು ಬೇರೆ, ನಮ್ಮದು ಬೇರೆ. ನಮ್ಮ ಕಾಡಿನಲ್ಲಿ ಜನ ಇದ್ದಾರೆ, ದೇವರಿದ್ದಾರೆ, ದನಗಳಿವೆ. ಆದರೆ ಬೆಟ್ಟ ಹತ್ತುವುದೂ ದಾರಿ ನೋಡಿಕೊಳ್ಳುವುದೂ ಒಂದೇ ಕೆಲಸದ ಎರಡು ತುದಿ ಎಂಬ ತಿಳಿವಳಿಕೆ ನಮಗೆ ಹೊಸದೇನಲ್ಲ. ಜಾತ್ರೆಗೆ ಮೊದಲು ಊರವರು ಸೇರಿ ದಾರಿ ಸವರುತ್ತಿದ್ದರು. ಮಳೆ ಮುಗಿದ ಮೇಲೆ ಕೆರೆಯ ದಾರಿ, ಶಾಲೆಯ ದಾರಿ, ಸುಡುಗಾಡಿನ ದಾರಿಯನ್ನೂ ಮನೆಗೊಬ್ಬರಂತೆ ಬಂದು ಕಳೆ ಕೊಚ್ಚಿ ಬಿಡಿಸುತ್ತಿದ್ದರು. ಅಡಿಕೆ ತೋಟದವರಿಗೆ ಕಣಿ ಬಿಡಿಸುವುದನ್ನು ಹೇಳಿಕೊಡಬೇಕಾಗಿಲ್ಲ. ವಾಚರ್ ಶೇಷ ಪರ್ವತದ ಬುಡದಲ್ಲಿ ಮಾಡುತ್ತಿದ್ದದ್ದು ತೋಟದ ಕೆಲಸವೇ: ನೀರಿಗೆ ಪಕ್ಕಕ್ಕೆ ಹೋಗಲು ಒಂದು ದಾರಿ ತೋರಿಸುವುದು. ಓರೆಯಾಗಿಟ್ಟ ಆ ನಾಲ್ಕೈದು ಕಲ್ಲುಗಳು ದಾರಿಯ ಮೇಲೆ ಹರಿದು ಬರುವ ನೀರನ್ನು ತಡೆದು ಹುಲ್ಲಿನ ಕಡೆಗೆ ತಿರುಗಿಸುತ್ತವೆ. ಇಪ್ಪತ್ತು ಹೆಜ್ಜೆಗೊಂದು ಅಂಥ ಕಲ್ಲುಸಾಲಿದ್ದರೆ ಹೊಸ ಚರಂಡಿ ಹುಟ್ಟುವುದಿಲ್ಲ. ಸಿಮೆಂಟ್ ಬೇಡ, ಕಂಬಿ ಬೇಡ, ಟೆಂಡರೂ ಬೇಡ. ಕಲ್ಲು ಅಲ್ಲೇ ಇದೆ. ಬೇಕಾದದ್ದು ಕೈ, ಮತ್ತು ಆ ಕೈಗೆ ಸರಿಯಾದ ಕೂಲಿ.

ಆ ವಾಚರರ ಕತ್ತಿಯ ಹಿಡಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿತ್ತು. ದಿನಕ್ಕೆ ಎಷ್ಟು ದೂರ ಸವರುತ್ತೀರಿ ಎಂದು ಕೇಳಿದೆ. “ಜನ ಕಡಿಮೆ ಇದ್ರೆ ಜಾಸ್ತಿ ಆಗ್ತದೆ. ಜನ ಜಾಸ್ತಿ ಇದ್ದ ದಿನ ಪ್ಲಾಸ್ಟಿಕ್ ಹೆಕ್ಕುವುದರಲ್ಲೇ ಹೊತ್ತು ಹೋಗ್ತದೆ” ಎಂದರು. ಫೆಬ್ರವರಿಯ ಹೊತ್ತಿಗೆ ಹುಲ್ಲು ಒಣಗಿ ಬೆಂಕಿಯ ಭಯ ಶುರು. ಆಗ ಬೆಂಕಿ ರೇಖೆ ಬಿಡಿಸಬೇಕು, ಗುಡ್ಡದ ನೆತ್ತಿಯಲ್ಲಿ ಹೊಗೆ ಕಾಯಬೇಕು. ಯಾರೋ ಸೇದಿ ಎಸೆದ ಒಂದು ಬೀಡಿ ಸಾಕು, ಇಡೀ ಇಳಿಜಾರು ಹೋಗುತ್ತದೆ. ನಮ್ಮಂಥವರು ಹತ್ತುವ ದಿನಗಳ ಲೆಕ್ಕ ಇಡುತ್ತೇವೆ. ಅವರ ಲೆಕ್ಕದಲ್ಲಿ ವರ್ಷಕ್ಕೆ ಎರಡೇ ಕಾಲ, ಬೆಂಕಿಯದು ಮತ್ತು ನೀರಿನದು. ಜನರದು ನಡುವೆ ಬಂದು ಸೇರಿಕೊಂಡದ್ದು.

ನಾನು ನೆತ್ತಿ ಮುಟ್ಟಿದ್ದು ಮಧ್ಯಾಹ್ನ. ಅಲ್ಲಿ ಚಿಕ್ಕ ಗುಡಿ, ಕುಮಾರನ ಪಾದ, ಸುತ್ತ ಹರಕೆಗೆ ಜೋಡಿಸಿದ ಕಲ್ಲಿನ ಗೋಪುರಗಳು. ಕಲ್ಲಿನ ಮೇಲೆ ಕಲ್ಲಿಟ್ಟರೆ ಮನೆ ಕಟ್ಟುವ ಯೋಗ ಬರುತ್ತದೆಂಬ ನಂಬಿಕೆ ಎಷ್ಟೋ ಬೆಟ್ಟಗಳಲ್ಲಿ ಇದೆ. ಐದು ಅಂತಸ್ತು, ಏಳು ಅಂತಸ್ತು. ಒಬ್ಬ ಹುಡುಗ ಹನ್ನೊಂದಕ್ಕೆ ಹೋಗಿದ್ದ. ಬೆಂಗಳೂರಿನವನೇ ಇರಬೇಕು! ಅವನು ಕಲ್ಲು ತರುತ್ತಿದ್ದದ್ದು ದಾರಿಯ ಅಂಚಿನಿಂದ. ಹೇಳೋಣ ಅನ್ನಿಸಿತು, ಹೇಳಲಿಲ್ಲ. ಹತ್ತು ಹೆಜ್ಜೆ ಇಳಿದ ಮೇಲೆ ಹಿಂದಿರುಗಿ ಹೋಗಿ ಹೇಳಿದೆ. ಹುಡುಗ ತಕರಾರು ಮಾಡಲಿಲ್ಲ. “ಸಾರಿ ಅಂಕಲ್, ಗೊತ್ತಿರಲಿಲ್ಲ” ಎಂದು ಎರಡು ಕಲ್ಲು ತೆಗೆದುಕೊಂಡು ಬಂದು ಇದ್ದಲ್ಲೇ ಇಟ್ಟ. ಉಳಿದ ಒಂಬತ್ತು ಅಂತಸ್ತು ಹಾಗೇ ಉಳಿಯಿತು. ಆಗಲಿ.

ಟಿಕೆಟ್ಟಿನ ಹಣದಲ್ಲಿ ಒಂದು ಪಾಲನ್ನು ಆ ದಾರಿಯ ಮಣ್ಣಿಗೇ ಮೀಸಲಿಡಬೇಕು. ಸವರುವವರಿಗೆ ವರ್ಷವಿಡೀ ಕೆಲಸ, ಕೈಗೆ ಒಳ್ಳೆಯ ಸಲಕರಣೆ, ತಿಂಗಳು ಮುಗಿದ ಕೂಡಲೇ ಕೂಲಿ ಸಿಗಬೇಕು. ಇದು ಸರ್ಕಾರ ಮಾಡಬೇಕಾದ ಕೆಲಸ, ಮಾಡಿಸಿಕೊಳ್ಳಲು ನಾವು ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ಹತ್ತುವವರಲ್ಲಿ ನನ್ನದೊಂದು ಕೋರಿಕೆ. ದಾರಿಗೆ ಅಡ್ಡ ಓರೆಯಾಗಿ ಕಲ್ಲುಸಾಲು ಕಂಡರೆ ತುಳಿಯದೆ ದಾಟಿ, ಕಿತ್ತ ಕಲ್ಲಿದ್ದರೆ ಹಿಮ್ಮಡಿಯಿಂದ ಎರಡು ಸಲ ಒದ್ದು ಕೂರಿಸಿ. ಕೆಸರಿದ್ದರೆ ಪಕ್ಕದ ಹುಲ್ಲಿಗೆ ಕಾಲಿಡಬೇಡಿ, ಕೆಸರಿನಲ್ಲೇ ನಡೆಯಿರಿ. ಷೂ ಮನೆಗೆ ಬಂದು ತೊಳೆದುಕೊಳ್ಳಬಹುದು.